ಭುಜದ ಆಪರೇಷನ್: ನರದ ಮೇಲೆ ನಿಗಾ ಇರಲಿ

ಸ್ಕೂಟರಿನಿಂದ ಬಿದ್ದು ಭುಜದ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಎಂದೊಡನೆ ಮನೆಯವರು ಕೇಳುವ ಪ್ರಶ್ನೆ: ‘ಡಾಕ್ಟ್ರೇ, ನರಕ್ಕೇನೂ ಆಗುವುದಿಲ್ಲ ತಾನೆ?’ ಈ ಆತಂಕ ಸಹಜವೇ.

ಕೈಯ ನರಗಳು ಕುತ್ತಿಗೆಯಿಂದ ಹೊರಟು ಕಂಕುಳ ಮೂಲಕ ಇಳಿಯುತ್ತವೆ. ಅವುಗಳಲ್ಲೊಂದಾದ ಆಕ್ಸಿಲರಿ ನರ ಭುಜದ ಕೀಲಿನ ಕೆಳಗೆ ಹಾದು, ತೋಳಿನ ಮೂಳೆಯನ್ನು ಹಿಂದಿನಿಂದ ಸುತ್ತಿ ಬರುತ್ತದೆ. ಭುಜದ ತುದಿಯಿಂದ ಅದು ಸುಮಾರು 5ರಿಂದ 7 ಸೆಂ.ಮೀ. ಕೆಳಗಿರುತ್ತದೆ. ತೋಳನ್ನು ಪಕ್ಕಕ್ಕೆತ್ತುವ ಡೆಲ್ಟಾಯ್ಡ್ ಸ್ನಾಯುವಿಗೆ ಇದೇ ಆಧಾರ. ಆದ್ದರಿಂದಲೇ ಶಸ್ತ್ರವೈದ್ಯರು ಈ ಸ್ನಾಯುವನ್ನು ಸೀಳುವಾಗ ಅಂತರವನ್ನು ಅಳೆದು ಮುಂದುವರಿಯುತ್ತಾರೆ. ರೋಗಿಯ ಕುತ್ತಿಗೆ ಒಂದು ಕಡೆಗೆ ವಾಲದಂತೆ, ಸ್ನಾಯುಗಳನ್ನು ಬದಿಗೆ ಸರಿಸಿ ಹಿಡಿಯುವಾಗ ನರ ಜಗ್ಗದಂತೆ ಎಚ್ಚರ ವಹಿಸುತ್ತಾರೆ.

ಆದರೆ ಎಷ್ಟೋ ಸಲ ನರಕ್ಕೆ ಪೆಟ್ಟಾಗಿರುವುದು ಬಿದ್ದಾಗಲೇ! ಇದು ಆಪರೇಷನ್‌ಗೆ ಮುನ್ನವೇ ತಿಳಿಯಬೇಕು. ತೋಳಿನ ಹೊರಬದಿಯಲ್ಲಿ, ಇಂಜೆಕ್ಷನ್ ಚುಚ್ಚುವ ಜಾಗವನ್ನು ಹತ್ತಿಯಿಂದ ಮೃದುವಾಗಿ ಸವರಿ, ಇನ್ನೊಂದು ತೋಳಿನೊಂದಿಗೆ ಹೋಲಿಸಿ. ಸ್ಪರ್ಶ ಮಂದವಾಗಿದ್ದರೆ ವೈದ್ಯರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ. ಸ್ಪರ್ಶ ಸರಿಯಿದ್ದ ಮಾತ್ರಕ್ಕೆ ನರ ಕ್ಷೇಮ ಎನ್ನುವಂತಿಲ್ಲ. ಸ್ನಾಯುವಿನ ಪರೀಕ್ಷೆಯೂ ಬೇಕು. ಅದನ್ನು ವೈದ್ಯರಿಗೇ ಬಿಡಿ, ನೀವು ಕೈ ಎತ್ತಿಸಬೇಡಿ. ಕೀಲು ತಪ್ಪಿದ್ದರೆ ಕಂಡವರಿಂದ ಎಳೆಸಲೂಬೇಡಿ. ನರ ಇನ್ನಷ್ಟು ಜಗ್ಗೀತು.

ಆಪರೇಷನ್ ಮುಗಿದ ಮೇಲೆ ಕೈ ಮರಗಟ್ಟಿದ್ದರೆ ಗಾಬರಿ ಬೇಡ. ಕುತ್ತಿಗೆಯ ಬಳಿ ಅರಿವಳಿಕೆ ಚುಚ್ಚಿದ್ದರೆ ಸಾಮಾನ್ಯವಾಗಿ 12ರಿಂದ 24 ಗಂಟೆ ಹಾಗಿರುತ್ತದೆ. ಅಲ್ಲಿಯವರೆಗೆ ಕೈಯನ್ನು ಜೋಳಿಗೆಯಲ್ಲಿಡಿ, ಬಿಸಿ ಪಾತ್ರೆ ತಾಗದಂತೆ ನೋಡಿಕೊಳ್ಳಿ. ವೈದ್ಯರು ಹೇಳಿದ ಅವಧಿ ಕಳೆದರೂ ಮರಗಟ್ಟುವಿಕೆ ಹೋಗದಿದ್ದರೆ ತಿಳಿಸಿ. ಕೈ ತಣ್ಣಗಾಗಿ ಬಿಳಿಚಿಕೊಂಡರಂತೂ ತಡಮಾಡದೆ ಹೇಳಿ.

ನರ ಜಗ್ಗಿದ್ದರೆ ಬಹುಪಾಲು ಮಂದಿಗೆ ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ಎಳೆಗಳು ತುಂಡಾಗಿದ್ದರೆ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ. 3ರಿಂದ 4 ವಾರಗಳ ನಂತರ ಇ.ಎಂ.ಜಿ. ಪರೀಕ್ಷೆಯಿಂದ ಪೆಟ್ಟಿನ ತೀವ್ರತೆ ತಿಳಿಯುತ್ತದೆ. 3 ತಿಂಗಳಾದರೂ ಚೇತರಿಕೆಯ ಸುಳಿವಿಲ್ಲದಿದ್ದರೆ ನರ ಜೋಡಿಸುವ ತಜ್ಞರನ್ನು ಕಾಣಿ. ‘ತಾನಾಗಿಯೇ ಸರಿಹೋದೀತು’ ಎಂದು ವರ್ಷಗಟ್ಟಲೆ ಕಾದರೆ ಸ್ನಾಯು ಸೊರಗಿಬಿಡುತ್ತದೆ. ಆಮೇಲೆ ನರ ಜೋಡಿಸಿದರೂ ಹೆಚ್ಚು ಫಲವಿಲ್ಲ.

ಆಪರೇಷನ್ ಕೋಣೆಯೊಳಗೆ ನರವನ್ನು ಕಾಯುವುದು ಶಸ್ತ್ರವೈದ್ಯರ ಹೊಣೆ. ಅದಕ್ಕೆ ಮೊದಲು ಮತ್ತು ಆಮೇಲೆ ಕಂಡದ್ದನ್ನು ತಡಮಾಡದೆ ಹೇಳುವುದು ಮನೆಯವರ ಹೊಣೆ.