ಎದೆ ಬಡಿಯುತ್ತಿದೆ, ಕಾನೂನು ಏನನ್ನುತ್ತದೆ?

"ಮೈ ಬೆಚ್ಗದೆ, ಎದೆ ಹೊಡ್ಕತಾ ಅದೆ, ಹೋಗ್ಬುಟ್ಟ ಅಂತೀರಲ್ಲ ಸಾರ್?" ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಮೈಸೂರಿಗೆ ತಂದ ಮನೆಯವರು ಐಸಿಯು ಬಾಗಿಲಲ್ಲಿ ಕೇಳುವ ಮಾತಿದು. ಕೇಳುವುದರಲ್ಲಿ ತಪ್ಪೇನಿಲ್ಲ.

ಕತ್ತಿನ ಮೇಲ್ತುದಿಯಲ್ಲಿ, ಬುರುಡೆಯೊಳಗೆ, ಹೆಬ್ಬೆರಳು ಗಾತ್ರದ ಮಿದುಳು ಕಾಂಡವಿದೆ. ಉದ್ದ ಸುಮಾರು 3 ಅಂಗುಲ. ಅದರ ಮೇಲೆ ದೊಡ್ಡ ಮಿದುಳು, ಬೆನ್ನಿಗೆ ಚಿಕ್ಕ ಮಿದುಳು; ಬುರುಡೆಯ ತಳದ ರಂಧ್ರ ದಾಟಿದರೆ ಅದೇ ಬೆನ್ನುಹುರಿ. ಮಧ್ಯಮಿದುಳು, ಪಾನ್ಸ್, ಮೆಡುಲ್ಲಾ ಎಂದು ಮೂರು ಭಾಗ. ಉಸಿರಾಟದ ಅಪ್ಪಣೆ ಹೊರಡುವುದು ಮೆಡುಲ್ಲಾದಿಂದ. ಪೆಟ್ಟಿನಿಂದ ಮಿದುಳು ಊದಿದರೆ ಬುರುಡೆಯಲ್ಲಿ ಜಾಗವಿಲ್ಲ. ಒತ್ತಡವೆಲ್ಲ ಕೆಳಗಿನ ರಂಧ್ರದ ಕಡೆಗೆ, ಕಾಂಡದ ಮೇಲೆ. ಕಾಂಡ ಸತ್ತರೆ ಉಸಿರಾಟ ನಿಲ್ಲುತ್ತದೆ, ಆದರೆ ಹೃದಯಕ್ಕೆ ತನ್ನದೇ ವಿದ್ಯುತ್ ಮಿಡಿತವಿದೆ. ವೆಂಟಿಲೇಟರ್ ಆಮ್ಲಜನಕ ಕೊಡುತ್ತಿರುವಷ್ಟು ಹೊತ್ತು ಅದು ಬಡಿಯಬಲ್ಲದು. ಮೈ ಬೆಚ್ಚಗಿರುವುದು ಅದಕ್ಕೇ.

1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ, ಕಾಂಡದ ಕೆಲಸವೆಲ್ಲ ಮರಳಿ ಬರದಂತೆ ನಿಂತರೆ ಅದೂ ಸಾವೇ. ಕೋಮಾ ಬೇರೆ, ಅಲ್ಲಿ ಕಾಂಡ ಸತ್ತಿರುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಆಸ್ಪತ್ರೆಗಳಲ್ಲೂ ಇದ್ದಾರೆ, ಆದ್ದರಿಂದ ಬಿಡಿಸಿ ಕೇಳಿ.

ಕಾಂಡ ಸತ್ತಿದೆ ಎಂದು ಒಬ್ಬ ವೈದ್ಯರು ಹೇಳಿದರೆ ಸಾಲದು. ಆಸ್ಪತ್ರೆಯ ಮುಖ್ಯಸ್ಥರು, ಚಿಕಿತ್ಸೆ ಕೊಡುತ್ತಿರುವವರು, ಪಟ್ಟಿಯಲ್ಲಿರುವ ಸ್ವತಂತ್ರ ತಜ್ಞರು, ನರರೋಗ ತಜ್ಞರು ಅಥವಾ ನರ ಶಸ್ತ್ರತಜ್ಞರು, ಹೀಗೆ ನಾಲ್ವರು ನಮೂನೆ 10ಕ್ಕೆ ಸಹಿ ಹಾಕಬೇಕು. ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ. ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದೆಯೇ ಎಂದು ನೋಡುವುದು ಮಧ್ಯಮಿದುಳಿಗಾಗಿ. ಕಣ್ಣುಗುಡ್ಡೆಗೆ ಹತ್ತಿ ತಾಗಿಸುವುದು ಪಾನ್ಸಿಗಾಗಿ. ಗಂಟಲು ಕೆರಳಿಸಿದಾಗ ಕೆಮ್ಮು ಬರುತ್ತದೆಯೇ, ಯಂತ್ರ ಬಿಡಿಸಿದರೆ ತಾನಾಗಿ ಒಂದಾದರೂ ಉಸಿರು ಎಳೆಯುತ್ತಾನೆಯೇ, ಇವು ಮೆಡುಲ್ಲಾಕ್ಕೆ. "ಯಾವುದು ಮಾಡಿದಿರಿ, ಏನು ಬಂತು" ಎಂದು ಕೇಳಲು ಹಿಂಜರಿಯಬೇಡಿ.

ಅಂಗದಾನದ ಮಾತು ಆಮೇಲಿನದು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಕುಟುಂಬ ಒಪ್ಪಿದ್ದು ಇಂಥದೇ ಗಳಿಗೆಯಲ್ಲಿ. ಒಪ್ಪಿದರೆ ನಮೂನೆ 8ಕ್ಕೆ ಸಹಿ. 18 ದಾಟದ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಅನುಮತಿ ಬೇಕು. ಬೇಡವೆಂದರೆ ಒತ್ತಾಯಿಸುವಂತಿಲ್ಲ. ದಾನಕ್ಕಾಗಿ ದೇಹ ಕಾಪಾಡುವ, ಅಂಗ ತೆಗೆಯುವ ಖರ್ಚನ್ನು ದಾನಿಯ ಮನೆಯವರ ಬಿಲ್ಲಿಗೆ ಸೇರಿಸುವಂತಿಲ್ಲ. ದುಡ್ಡಿನ ಆಸೆ ತೋರಿಸಿದರೆ 5ರಿಂದ 10 ವರ್ಷ ಜೈಲು. ಯಾವ ಅಂಗ ಯಾರಿಗೆ ಎಂಬುದನ್ನು ರಾಜ್ಯದ 'ಜೀವಸಾರ್ಥಕತೆ' ಸಂಸ್ಥೆ ಸರದಿ ಪಟ್ಟಿ ನೋಡಿ ನಿರ್ಧರಿಸುತ್ತದೆ.

ಅಪಘಾತವಾದ್ದರಿಂದ ಪೊಲೀಸರು, ಮರಣೋತ್ತರ ಪರೀಕ್ಷೆ ಹೇಗೂ ಇದ್ದೇ ಇದೆ. ದಾನ ಮಾಡಿದರೂ ಅದು ತಪ್ಪುವುದಿಲ್ಲ. ಆದರೆ ಅಂಗ ತೆಗೆಯುವ ಹೊತ್ತಿಗೇ ಶವಪರೀಕ್ಷೆಯ ವೈದ್ಯರನ್ನು ಕರೆಸಲು, ಕಚೇರಿ ವೇಳೆ ಮೀರಿದ್ದರೂ ಪರೀಕ್ಷೆ ಮುಗಿಸಲು ನಿಯಮದಲ್ಲಿ ಅವಕಾಶವಿದೆ. "ಕತ್ತಲಾಯ್ತು, ನಾಳೆ ಬನ್ನಿ" ಎಂದರೆ ಈ ನಿಯಮದ ಬಗ್ಗೆ ಆಸ್ಪತ್ರೆಯ ಕಸಿ ಸಂಯೋಜಕರಿಗೆ ಹೇಳಿ, ಠಾಣೆಗೂ ಅವರಿಂದಲೇ ಮಾತಾಡಿಸಿ.