ವೈದ್ಯರೂ ಇಂಜಿನಿಯರರೂ ಕೈಜೋಡಿಸಿದಾಗ

ಪಿ.ಯು.ಸಿ.ಗೆ ಕಾಲಿಟ್ಟ ಮಕ್ಕಳನ್ನು ಮನೆಗೆ ಬಂದ ನೆಂಟರು ಕೇಳುವ ಮೊದಲ ಪ್ರಶ್ನೆ, "ಮುಂದೇನು, ಡಾಕ್ಟರಾ ಇಂಜಿನಿಯರಾ?" ಎಂದು. ಉಡುಪಿಯಲ್ಲಾದರೂ ಅಷ್ಟೇ, ಮನಾಮದಲ್ಲಾದರೂ ಅಷ್ಟೇ. ಜೀವಶಾಸ್ತ್ರ ಹಿಡಿದವರದು ಒಂದು ದಾರಿ, ಗಣಿತ ಹಿಡಿದವರದು ಇನ್ನೊಂದು ದಾರಿ. ಹದಿನೇಳನೆಯ ವಯಸ್ಸಿನಲ್ಲಿ ಬೇರೆಯಾದ ಈ ದಾರಿಗಳು ಮತ್ತೆಂದೂ ಕೂಡುವುದಿಲ್ಲವೇನೋ ಎಂಬಂತೆ ನಾವು ಮಾತನಾಡುತ್ತೇವೆ. ಆದರೆ ಆಸ್ಪತ್ರೆಯ ತೀವ್ರ ನಿಗಾ ಘಟಕದ ಒಂದು ಹಾಸಿಗೆಯ ಸುತ್ತ ಕಣ್ಣಾಡಿಸಿ ನೋಡಿ. ವೆಂಟಿಲೇಟರ್, ಹೃದಯ ಬಡಿತದ ಮಾನಿಟರ್, ಹನಿ ಹನಿಯಾಗಿ ಔಷಧಿ ಬಿಡುವ ಪಂಪು, ಬೆರಳಿಗೆ ಸಿಕ್ಕಿಸಿದ ಪುಟ್ಟ ಆಕ್ಸಿಮೀಟರ್. ಇವುಗಳಲ್ಲಿ ಯಾವುದನ್ನೂ ವೈದ್ಯರೊಬ್ಬರೇ ಮಾಡಲಿಲ್ಲ, ಇಂಜಿನಿಯರರೊಬ್ಬರೇ ಮಾಡಲೂ ಇಲ್ಲ. ಇಬ್ಬರೂ ಕೂತು ಮಾತನಾಡಿದ್ದರಿಂದ ಇವು ಹುಟ್ಟಿದವು.

ಆ ಮಾತುಕತೆ ಹೇಗೆ ನಡೆಯುತ್ತದೆ, ಎಲ್ಲಿ ಮುರಿದುಬೀಳುತ್ತದೆ, ದಾನ ಧರ್ಮದ ಕೆಲಸ ಮಾಡುವ ನಮ್ಮಂಥ ಸಂಘಗಳು ಅದರಿಂದ ಏನು ಕಲಿಯಬಹುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ರಿಪೇರಿಗೆ ಬಂದವನ ಕಣ್ಣಿಗೆ ಬಿದ್ದದ್ದು

1950ರ ದಶಕದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ವಾಲ್ಟನ್ ಲಿಲಿಹೈ ಎಂಬ ಶಸ್ತ್ರಚಿಕಿತ್ಸಕರು ಮಕ್ಕಳ ಹೃದಯ ತೆರೆದು ಚಿಕಿತ್ಸೆ ಮಾಡುತ್ತಿದ್ದರು. ಶಸ್ತ್ರಚಿಕಿತ್ಸೆಯ ನಂತರ ಕೆಲವು ಮಕ್ಕಳ ಹೃದಯದ ಬಡಿತ ತೀರಾ ನಿಧಾನವಾಗುತ್ತಿತ್ತು. ಆಗ ಹೊರಗಿನಿಂದ ವಿದ್ಯುತ್ ಮಿಡಿತ ಕೊಡಬೇಕಾಗುತ್ತಿತ್ತು. ಅಂದಿನ ಪೇಸ್‌ಮೇಕರ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದೊಡ್ಡ ಪೆಟ್ಟಿಗೆ. ವೈರಿನ ಉದ್ದ ಎಷ್ಟೋ ಮಗುವಿನ ಓಡಾಟವೂ ಅಷ್ಟೇ. 1957ರ ಅಕ್ಟೋಬರ್ 31ರಂದು ಊರಿನ ವಿದ್ಯುತ್ ಕೈಕೊಟ್ಟಾಗ ಒಂದು ಮಗು ತೀರಿಕೊಂಡಿತು.

ಲಿಲಿಹೈ ಅವರು ಹೋಗಿ ಕೇಳಿದ್ದು ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಲು ಬರುತ್ತಿದ್ದ ಅರ್ಲ್ ಬಾಕೆನ್ ಎಂಬ ಎಲೆಕ್ಟ್ರಿಕಲ್ ಇಂಜಿನಿಯರರನ್ನು. ಗ್ಯಾರೇಜಿನಲ್ಲಿ ಸಣ್ಣ ಕಂಪನಿ ನಡೆಸುತ್ತಿದ್ದ ಬಾಕೆನ್, ಸಂಗೀತಗಾರರು ತಾಳ ಹಿಡಿಯಲು ಬಳಸುವ ಮೆಟ್ರೊನೋಮ್‌ನ ಸರ್ಕ್ಯೂಟನ್ನು ಒಂದು ಪತ್ರಿಕೆಯಲ್ಲಿ ನೋಡಿದ್ದರು. ಅದನ್ನೇ ಮಾರ್ಪಡಿಸಿ, ಬ್ಯಾಟರಿಯಿಂದ ನಡೆಯುವ ಅಂಗೈಯಗಲದ ಪೆಟ್ಟಿಗೆಯೊಂದನ್ನು ನಾಲ್ಕೇ ವಾರಗಳಲ್ಲಿ ಮಾಡಿಕೊಟ್ಟರು. ಆ ಗ್ಯಾರೇಜ್ ಕಂಪನಿಯೇ ಮುಂದೆ ಜಗತ್ಪ್ರಸಿದ್ಧವಾದ ಮೆಡ್‌ಟ್ರಾನಿಕ್.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಬಾಕೆನ್ ಅವರಿಗಿಂತ ಹೆಚ್ಚು ಕಲಿತ ಇಂಜಿನಿಯರರು ಅಮೆರಿಕದಲ್ಲಿ ಎಷ್ಟೋ ಜನರಿದ್ದರು. ಆದರೆ ವಾರ್ಡಿನಲ್ಲಿ ಓಡಾಡಿ, ವೈರು ಎಳೆದುಕೊಂಡು ಮಲಗಿದ್ದ ಮಕ್ಕಳನ್ನು ಕಣ್ಣಾರೆ ಕಂಡಿದ್ದವರು ಅವರು. ವೈದ್ಯಕೀಯ ಉಪಕರಣದ ಮೊದಲ ಪಾಠ ಇದೇ: ಇಂಜಿನಿಯರ್ ಆಸ್ಪತ್ರೆಯೊಳಗೆ ಇರಬೇಕು.

ಮೂರು ಸಲ ಸೋತು ಗೆದ್ದ ಕವಾಟ

ನಮ್ಮ ದೇಶದ ಉದಾಹರಣೆಗೆ ಬರೋಣ. ಮಣಿಪಾಲದ ನಂಟಿರುವ ಓದುಗರಿಗೆ ಡಾ. ಎಂ.ಎಸ್. ವಲಿಯತ್ತಾನ್ ಅವರ ಹೆಸರು ಪರಿಚಿತ. 1993ರಿಂದ 1999ರವರೆಗೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವರು ಅಲ್ಲಿಯೇ ನೆಲೆಸಿ 2024ರ ಜುಲೈಯಲ್ಲಿ ನಿಧನರಾದರು. ಅದಕ್ಕೂ ಮೊದಲು ಅವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಹೃದಯ ಶಸ್ತ್ರಚಿಕಿತ್ಸಕರು.

ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗುವ ರೋಗಿಗಳು ನಮ್ಮಲ್ಲಿ ಬಹಳ. ಹೆಚ್ಚಿನವರು ಬಡವರು. ವಿದೇಶದಿಂದ ತರಿಸುವ ಕೃತಕ ಕವಾಟದ ಬೆಲೆ ಅವರ ಕೈಗೆಟುಕುವಂಥದ್ದಲ್ಲ. ಹಾಗಾದರೆ ನಾವೇ ಮಾಡೋಣ ಎಂದು ವಲಿಯತ್ತಾನ್ ಹೊರಟರು. ಜಿ.ಎಸ್. ಭುವನೇಶ್ವರ್ ಮೊದಲಾದ ಇಂಜಿನಿಯರರು ಜೊತೆಯಾದರು. ಆಸ್ಪತ್ರೆ ಮತ್ತು ತಂತ್ರಜ್ಞಾನ ವಿಭಾಗ ಎರಡೂ ಒಂದೇ ಸಂಸ್ಥೆಯ ಅಂಗಗಳಾಗಿದ್ದುದು ಅವರ ಭಾಗ್ಯ.

ಸಮಸ್ಯೆಯ ಗಾತ್ರವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು; ವರ್ಷಕ್ಕೆ ಸುಮಾರು 3.8 ಕೋಟಿ. ಅಷ್ಟು ಸಲ ತೆರೆದು ಮುಚ್ಚಿದರೂ ಕವಾಟ ಸವೆಯಬಾರದು, ಮುರಿಯಬಾರದು, ರಕ್ತ ಹೆಪ್ಪುಗಟ್ಟಲು ಆಸ್ಪದ ಕೊಡಬಾರದು. ಮನೆಯ ಬಾಗಿಲಿನ ತಿರುಗಣಿಯನ್ನು ನಾವು ಜೀವಮಾನದಲ್ಲಿ ಅಷ್ಟು ಸಲ ತಿರುಗಿಸುವುದಿಲ್ಲ!

ಮೊದಲ ಮೂರು ಮಾದರಿಗಳು ಸೋತವು. ಒಂದರಲ್ಲಿ ಬೆಸುಗೆ ಹಾಕಿದ ಭಾಗ ತಾಳಲಿಲ್ಲ. ಇನ್ನೊಂದರಲ್ಲಿ ನೀಲಮಣಿಯ ಗಟ್ಟಿ ಬಿಲ್ಲೆ ಟೈಟಾನಿಯಂ ಚೌಕಟ್ಟನ್ನೇ ಸವೆಸಿತು. ಮತ್ತೊಂದರಲ್ಲಿ ಬಿಲ್ಲೆಯೇ ಒಡೆಯಿತು. ಪ್ರತಿ ಸೋಲೂ ಪ್ರಯೋಗಾಲಯದಲ್ಲಿ ಇಲ್ಲವೇ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಗೊತ್ತಾಯಿತೇ ಹೊರತು ಮನುಷ್ಯರ ಎದೆಯೊಳಗಲ್ಲ. ನಾಲ್ಕನೆಯ ಮಾದರಿಯಲ್ಲಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ವಿಶೇಷ ಪಾಲಿಥೀನಿನ ಬಿಲ್ಲೆ. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಟಿಟಿಕೆ ಕಂಪನಿ ತಯಾರಿಸಿದ ಈ ಕವಾಟ ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ತಲುಪಿದೆ. ಎರಡನೆಯ ಪಾಠ: ಸೋಲು ಮೇಜಿನ ಮೇಲೆ ಬರಲಿ, ಹಾಸಿಗೆಯ ಮೇಲೆ ಬೇಡ. ಅದಕ್ಕೆ ತಗಲುವ ವರ್ಷಗಳನ್ನು ತಾಳ್ಮೆಯಿಂದ ಕೊಡಬೇಕು.

ಕರ್ನಾಟಕದ ಹಸುಗೂಸುಗಳ ಕಣ್ಣು

ತಂತ್ರಾಂಶದ ಕೆಲಸದಲ್ಲಿರುವ ನನ್ನಂಥವರಿಗೆ ಅತ್ಯಂತ ಹತ್ತಿರವಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ಹೊರಗೆ ಬಂದ ಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದರೆ ಪಟಲವೇ ಕಿತ್ತು ಬಂದು ಮಗು ಶಾಶ್ವತವಾಗಿ ಕುರುಡಾಗಬಹುದು. ಇದನ್ನು ಚುಟುಕಾಗಿ ಆರ್.ಒ.ಪಿ. ಎನ್ನುತ್ತಾರೆ. ಸಕಾಲದಲ್ಲಿ ಲೇಸರ್ ಚಿಕಿತ್ಸೆ ಮಾಡಿದರೆ ದೃಷ್ಟಿ ಉಳಿಯುತ್ತದೆ. ಆದರೆ ಆ 'ಸಕಾಲ' ಕೆಲವೇ ವಾರಗಳದ್ದು. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿನ ಕಣ್ಣನ್ನು ಮೂವತ್ತು ದಿನ ತುಂಬುವುದರೊಳಗೆ ಪರೀಕ್ಷಿಸಬೇಕು. ತೀರಾ ಪುಟ್ಟ ಮಕ್ಕಳಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು. ಹೊರನೋಟಕ್ಕೆ ಕಣ್ಣು ಚೆನ್ನಾಗಿಯೇ ಕಾಣುವುದರಿಂದ ತಾಯಿಗೆ ಸುಳಿವೂ ಸಿಗುವುದಿಲ್ಲ.

ಇದನ್ನು ಬಲ್ಲ ತಜ್ಞರು ದೊಡ್ಡ ನಗರಗಳಲ್ಲಿ ಬೆರಳೆಣಿಕೆಯಷ್ಟು. ಮಕ್ಕಳು ಹುಟ್ಟುವುದೋ ಜಿಲ್ಲೆ ಜಿಲ್ಲೆಗಳಲ್ಲಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 'ಕಿಡ್‌ರಾಪ್' ಎಂಬ ಯೋಜನೆ ಆರಂಭಿಸಿದರು. ತಜ್ಞರ ಬದಲು ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ವಾಹನದಲ್ಲಿ ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಮಗುವಿನ ಕಣ್ಣಿನೊಳಗಿನ ಚಿತ್ರ ತೆಗೆದು, ಟ್ರಾಫಿಕ್ ದೀಪದ ಹಾಗೆ ಕೆಂಪು, ಕಿತ್ತಳೆ, ಹಸಿರು ಎಂದು ಗುರುತಿಸುತ್ತಾರೆ. ಚಿತ್ರಗಳು ಅಂತರ್ಜಾಲದ ಮೂಲಕ ತಜ್ಞರ ಮೊಬೈಲ್ ಫೋನಿಗೆ ತಲುಪುತ್ತವೆ. ವೈದ್ಯರು ಎಲ್ಲಿದ್ದರೂ ನೋಡಿ ವರದಿ ಕೊಡುತ್ತಾರೆ. ಈ ಏರ್ಪಾಡಿನ ತಂತ್ರಾಂಶ ಬೆಂಗಳೂರಿನ ಇಂಜಿನಿಯರರದು. ಮುಂದೆ ಬೆಂಗಳೂರಿನದೇ ಆದ ಫೋರಸ್ ಹೆಲ್ತ್ ಕಂಪನಿ 'ತ್ರಿನೇತ್ರ ನಿಯೋ' ಎಂಬ ಶಿಶುಗಳ ಕಣ್ಣಿನ ಕ್ಯಾಮೆರಾವನ್ನೂ ತಂದಿತು.

ಇಂಥ ತಂತ್ರಾಂಶ ಬರೆಯುವವನು ವೈದ್ಯರನ್ನು ಕೇಳಿಯೇ ತಿಳಿಯಬೇಕಾದ ಸಂಗತಿಗಳಿವೆ. ಚಿತ್ರದ ಗಾತ್ರವನ್ನು ಎಷ್ಟು ಕುಗ್ಗಿಸಿದರೆ ಸೂಕ್ಷ್ಮ ರಕ್ತನಾಳ ಕಾಣದೇ ಹೋಗುತ್ತದೆ? ಅನುಮಾನವಿದ್ದಾಗ ಹಸಿರು ಎನ್ನಬೇಕೇ, ಕಿತ್ತಳೆ ಎನ್ನಬೇಕೇ? ಆರೋಗ್ಯವಂತ ಮಗುವನ್ನು ಇನ್ನೊಮ್ಮೆ ಪರೀಕ್ಷಿಸಿದರೆ ತಾಯಿಗೆ ಒಂದು ದಿನದ ಅಲೆದಾಟ. ರೋಗವಿದ್ದ ಮಗುವನ್ನು ಬಿಟ್ಟರೆ ಅದಕ್ಕೆ ಜೀವಮಾನದ ಕತ್ತಲು. ಎರಡು ತಪ್ಪುಗಳೂ ಒಂದೇ ತೂಕದವಲ್ಲ ಎಂಬುದು ವೈದ್ಯರಿಗೆ ಗೊತ್ತು. ಅದನ್ನು ಯಂತ್ರಕ್ಕೆ ಹೇಳಿಕೊಡುವುದು ಇಂಜಿನಿಯರರಿಗೆ ಗೊತ್ತು.

ಐವತ್ತು ರೂಪಾಯಿಯ ದನಿ

ಗಂಟಲಿನ ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಮತ್ತೆ ಮಾತನಾಡಲು ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ಕವಾಟ ಇಡುತ್ತಾರೆ. ಆಮದು ಕವಾಟಕ್ಕೆ ಹತ್ತಾರು ಸಾವಿರ ರೂಪಾಯಿ. ಅದನ್ನೂ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಅವರೂ ಇಂಜಿನಿಯರ್ ಶಶಾಂಕ್ ಮಹೇಶ್ ಅವರೂ ಸೇರಿ ಸಿಲಿಕೋನಿನ 'ಓಂ' ಎಂಬ ಕವಾಟವನ್ನು ರೂಪಿಸಿದರು. 2015ರ ಸುಮಾರಿಗೆ ಅದು ಸುದ್ದಿಯಾದಾಗ ಬೆಲೆ ಐವತ್ತೇ ರೂಪಾಯಿ. 'ಇದು ಇಷ್ಟು ದುಬಾರಿ ಏಕೆ?' ಎಂಬ ವೈದ್ಯರ ಪ್ರಶ್ನೆಗೆ ಇಂಜಿನಿಯರ್ ಕೊಟ್ಟ ಉತ್ತರ ಅದು.

ಮಾತು ಮುರಿದಾಗ

ಇಬ್ಬರ ನಡುವೆ ಮಾತು ಮುರಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕೆನಡಾದ ಸರ್ಕಾರಿ ಕಂಪನಿಯೊಂದು ತಯಾರಿಸಿದ 'ಥೆರಾಕ್-25' ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಆರು ಮಂದಿ ರೋಗಿಗಳಿಗೆ ಅಳತೆ ಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಎಲ್ಲವನ್ನೂ ತಂತ್ರಾಂಶಕ್ಕೇ ಬಿಟ್ಟಿದ್ದರು. ಪರದೆಯ ಮೇಲೆ ಕಾಣುತ್ತಿದ್ದುದು 'ದೋಷ 54' ಎಂಬಷ್ಟೇ. ಅದರ ಅರ್ಥ ನಡೆಸುವವರಿಗೆ ತಿಳಿಯದು. ಹೆಚ್ಚು ವಿಕಿರಣ ಹೋಗುವುದು ಸಾಧ್ಯವೇ ಇಲ್ಲ ಎಂದು ತಯಾರಕರು ಹೇಳುತ್ತಲೇ ಬಂದರು. ಕೊನೆಗೆ 1986ರಲ್ಲಿ ಟೆಕ್ಸಾಸಿನ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದ ಸಿಬ್ಬಂದಿ ಮತ್ತೆ ಮತ್ತೆ ಪ್ರಯತ್ನಿಸಿ ಕಾರಣ ಕಂಡುಹಿಡಿದರು. ನುರಿತ ಕೈ ವೇಗವಾಗಿ ಟೈಪ್ ಮಾಡಿ, ತಪ್ಪನ್ನು ಕೆಲವೇ ಕ್ಷಣಗಳಲ್ಲಿ ತಿದ್ದಿದರೆ ಆ ತಿದ್ದುಪಡಿ ಯಂತ್ರಕ್ಕೆ ಪೂರ್ತಿ ತಲುಪುತ್ತಿರಲಿಲ್ಲ.

ಕಚೇರಿಯಲ್ಲಿ ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸುವವನಿಗೆ ಈ ದೋಷ ಕಾಣುವುದೇ ಇಲ್ಲ. ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವವರ ಪಕ್ಕದಲ್ಲಿ ಕೂತರೆ ಕಾಣುತ್ತದೆ. ಮೂರನೆಯ ಪಾಠ: ಯಂತ್ರ ಬಳಸುವ ದಾದಿ, ತಂತ್ರಜ್ಞರ ದೂರನ್ನು 'ಬಳಸಲು ಬಾರದವರ ಮಾತು' ಎಂದು ತಳ್ಳಿಹಾಕಬಾರದು.

ನಮ್ಮ ಹಣ, ನಮ್ಮ ಹೊಣೆ

ಈ ಮೂರೂ ಪಾಠಗಳು ನಮ್ಮ ಸಂಘಗಳಿಗೂ ಅನ್ವಯಿಸುತ್ತವೆ. ಗಲ್ಫಿನಲ್ಲಿ ಬೆವರು ಸುರಿಸಿ ಗಳಿಸಿದ ದಿನಾರಿನಲ್ಲಿ ಊರಿನ ಆಸ್ಪತ್ರೆಗೆ ಯಂತ್ರ ಕೊಡಿಸುವುದು ನಮ್ಮವರಿಗೆ ಪ್ರಿಯವಾದ ಸೇವೆ. ಹಾರ ಹಾಕಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡ ಯಂತ್ರ ಎರಡೇ ವರ್ಷದಲ್ಲಿ ಬಟ್ಟೆ ಹೊದ್ದು ಮೂಲೆ ಸೇರುವುದೂ ಉಂಟು. ಇದು ನಮ್ಮ ಊರಿಗೆ ಮಾತ್ರ ಸೀಮಿತವಲ್ಲ. ವೈದ್ಯಕೀಯ ಉಪಕರಣಗಳನ್ನು ದಾನ ಮಾಡುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾರ್ಗದರ್ಶಿಯನ್ನೇ ಹೊರತರಬೇಕಾಯಿತು. ಚೆಕ್ ಬರೆಯುವ ಮುನ್ನ ಈ ಪ್ರಶ್ನೆಗಳನ್ನು ಕೇಳೋಣ:

1. ಈ ಯಂತ್ರ ಬೇಕೆಂದು ಕೇಳಿದವರು ಯಾರು? ಬಳಸುವ ವೈದ್ಯರೇ, ದಾನಿಗಳೇ?

2. ಅದನ್ನು ನಡೆಸುವವರು ಯಾರು? ಅವರಿಗೆ ವರ್ಗವಾದರೆ ಮುಂದೆ ಯಾರು?

3. ವರ್ಷಕ್ಕೆ ಬೇಕಾಗುವ ಕಾಗದ, ಫಿಲ್ಟರ್, ರಾಸಾಯನಿಕಗಳ ಖರ್ಚು ಎಷ್ಟು? ಕೊಡುವವರು ಯಾರು?

4. ಕೆಟ್ಟರೆ ಎಷ್ಟು ದಿನದಲ್ಲಿ ಇಂಜಿನಿಯರ್ ಬರುತ್ತಾರೆ? ಬಿಡಿಭಾಗ ಮಂಗಳೂರು, ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ?

5. ಅಲ್ಲಿನ ವಿದ್ಯುತ್ತಿಗೆ ಯಂತ್ರ ಒಗ್ಗುತ್ತದೆಯೇ? ಬಹರೈನಿನಲ್ಲೂ ಭಾರತದಲ್ಲೂ 230 ವೋಲ್ಟ್, 50 ಹರ್ಟ್ಸ್ ಇದ್ದರೂ ಇಲ್ಲಿಯ ಪ್ಲಗ್ಗಿನ ಕಾಲು ಚಪ್ಪಟೆ, ಅಲ್ಲಿಯದು ದುಂಡು. ಅಮೆರಿಕದ ಯಂತ್ರವಾದರೆ ವೋಲ್ಟೇಜೇ ಬೇರೆ. ಕರೆಂಟು ಹೋದಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

6. ಕಾನೂನಿನ ಅನುಮತಿ ಇದೆಯೇ? ಭಾರತದಲ್ಲಿ 2017ರ ವೈದ್ಯಕೀಯ ಉಪಕರಣಗಳ ನಿಯಮಗಳಿವೆ. ಇಲ್ಲಿ 2009ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆರೋಗ್ಯ ನಿಯಂತ್ರಣ ಪ್ರಾಧಿಕಾರವಿದೆ. ಬಳಸಿದ ಯಂತ್ರ ಕಳಿಸುವುದಾದರೆ ಮೊದಲೇ ವಿಚಾರಿಸಬೇಕು. ಇಲ್ಲದಿದ್ದರೆ ಬಂದರಿನಲ್ಲೇ ತುಕ್ಕು ಹಿಡಿದೀತು.

ಇವುಗಳಲ್ಲಿ ಅರ್ಧಕ್ಕೆ ವೈದ್ಯರು ಉತ್ತರ ಕೊಡಬಲ್ಲರು, ಉಳಿದರ್ಧಕ್ಕೆ ಇಂಜಿನಿಯರರು. ಸಂತೋಷದ ಸಂಗತಿಯೆಂದರೆ ನಮ್ಮ ಕನ್ನಡಿಗರ ನಡುವೆ ಇಬ್ಬರೂ ಇದ್ದಾರೆ. ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ವೈದ್ಯರು, ದಾದಿಯರು, ಲ್ಯಾಬ್ ತಂತ್ರಜ್ಞರು ಇದ್ದಾರೆ. ತೈಲ, ಅಲ್ಯೂಮಿನಿಯಂ, ಬ್ಯಾಂಕು, ದೂರಸಂಪರ್ಕ ಕ್ಷೇತ್ರಗಳ ಇಂಜಿನಿಯರರೂ ಇದ್ದಾರೆ. ರಾಜ್ಯೋತ್ಸವದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವ ನಾವು ಇಂಥ ವಿಷಯ ಮಾತನಾಡಿದ್ದು ಕಡಿಮೆ. ಯಂತ್ರದಾನದ ಪ್ರತಿ ಪ್ರಸ್ತಾಪವನ್ನೂ ಇಬ್ಬರು ವೈದ್ಯರು, ಒಬ್ಬ ದಾದಿ, ಇಬ್ಬರು ಇಂಜಿನಿಯರರಿರುವ ಸಣ್ಣ ಸಮಿತಿ ನೋಡುವಂತಾಗಲಿ. ಯಂತ್ರದ ಬೆಲೆಯ ಜೊತೆಗೆ ತರಬೇತಿಗೂ ನಿರ್ವಹಣೆಗೂ ಒಂದು ಪಾಲು ಹಣವನ್ನು ಮೊದಲೇ ಎತ್ತಿಡೋಣ. ಕೊಟ್ಟು ಒಂದು ವರ್ಷವಾದ ಮೇಲೆ ರಜೆಗೆ ಊರಿಗೆ ಹೋಗುವ ಸದಸ್ಯರೊಬ್ಬರು ಹೋಗಿ ನೋಡಿ ಬರಲಿ. ಎಷ್ಟು ರೋಗಿಗಳಿಗೆ ಬಳಕೆಯಾಯಿತು ಎಂಬ ಲೆಕ್ಕ ಮುಂದಿನ ಸಂಚಿಕೆಯಲ್ಲಿ ಬರಲಿ.

ಇನ್ನು ನಮ್ಮ ಮಕ್ಕಳು. ಡಾಕ್ಟರ್, ಇಂಜಿನಿಯರ್ ಎರಡರಲ್ಲೂ ಆಸಕ್ತಿಯಿದ್ದು ತೊಳಲಾಡುವವರಿಗೆ ಬಯೋಮೆಡಿಕಲ್ ಇಂಜಿನಿಯರಿಂಗ್ ಎಂಬ ಶಾಖೆ ಇದೆ, ಮಣಿಪಾಲದಲ್ಲೂ ಬೆಂಗಳೂರಿನಲ್ಲೂ ಅದನ್ನು ಕಲಿಸುತ್ತಾರೆ ಎಂಬುದನ್ನು ತಿಳಿಸೋಣ. ಜಿಲ್ಲಾಸ್ಪತ್ರೆಯ ಶಿಶು ಘಟಕದಲ್ಲಿ ಒಂದೂವರೆ ಕಿಲೋ ತೂಕದ ಕೂಸು ಮಲಗಿದೆ. ಅದರ ಕಣ್ಣಿಗೆ ಇರುವುದು ಮೂವತ್ತೇ ದಿನದ ಗಡುವು. ನಾವು ಕೊಡುವ ಯಂತ್ರ ಆ ಗಡುವಿನೊಳಗೆ ಕೆಲಸ ಮಾಡುವಂತಿರಬೇಕು.