ಇಂದಿನ ಧಮ್ಮ ಚಿಂತನೆ: ತಿರುವಿನಲ್ಲಿ ಹುಟ್ಟು



ಕಳೆದ ಭಾನುವಾರ ಧ್ಯಾನ ಮುಗಿದ ಮೇಲೆ ನಮ್ಮಲ್ಲೊಬ್ಬರು ಕೇಳಿದರು: "ಸುಮ್ಮನೆ ಕುಳಿತರೆ ನಿದ್ದೆ, ಪ್ರಯತ್ನಪಟ್ಟರೆ ತಲೆನೋವು. ಇದು ನನ್ನಿಂದಾಗದು, ಬಿಟ್ಟುಬಿಡಲೇ?" ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ.

ಸಂಯುತ್ತ ನಿಕಾಯದ ಮೊಟ್ಟಮೊದಲ ಸುತ್ತ ಓಘತರಣ. ಜೇತವನದಲ್ಲಿ ಒಂದು ರಾತ್ರಿ ದೇವತೆಯೊಬ್ಬರು ಬಂದು, ಪ್ರವಾಹವನ್ನು ಹೇಗೆ ದಾಟಿದಿರಿ ಎಂದು ಭಗವಾನರನ್ನು ಕೇಳುತ್ತಾರೆ. ನಿಲ್ಲದೆ, ಹೆಣಗದೆ ದಾಟಿದೆ ಎಂಬುದು ಉತ್ತರದ ಸಾರ. ನಿಂತಾಗ ಮುಳುಗಿದರಂತೆ, ಹೆಣಗಿದಾಗ ಸುಳಿಗೆ ಸಿಕ್ಕರಂತೆ. ಪ್ರವಾಹವೆಂದರೆ ನಮಗೆ ಮಳೆಗಾಲದ ಹೊಳೆಯೇ ಕಣ್ಣಿಗೆ ಬರುತ್ತದೆ. ಆದರೆ ಈ ಮಾತು ಚೆನ್ನಾಗಿ ತಿಳಿಯುವುದು ಶಾಂತವಾದ ತೊರೆಯಲ್ಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡಾ ಪರ್ವತಗಳ ನಡುವೆ, ಸುಮಾರು 7,000 ಅಡಿ ಎತ್ತರದಲ್ಲಿ ಹೋಪ್ ವ್ಯಾಲಿ ಎಂಬ ಹುಲ್ಲುಗಾವಲಿದೆ. ಕಾರ್ಸನ್ ನದಿಯ ಪಶ್ಚಿಮ ಕವಲು ಅಲ್ಲಿ ಹಾವಿನಂತೆ ಸುತ್ತಿ ಹರಿಯುತ್ತದೆ. ಹಿಮ ಕರಗಿ ನೀರು ತುಂಬಿದ ದಿನಗಳಲ್ಲಿ ಪುಟ್ಟ ದೋಣಿಗಳು ಇಳಿಯುತ್ತವೆ. ಅಬ್ಬರವಿಲ್ಲ, ಕಷ್ಟವೆಲ್ಲ ತಿರುವಿನಲ್ಲಿ. ತಿರುವಿನ ಹೊರಬದಿಯಲ್ಲಿ ನೀರು ವೇಗವಾಗಿ ದಂಡೆ ಕೊರೆಯುತ್ತದೆ. ಒಳಬದಿಯಲ್ಲಿ ನಿಧಾನವಾಗಿ ಮರಳು ಬಿಡುತ್ತದೆ. ಹುಟ್ಟು ಎತ್ತಿಟ್ಟು ಕುಳಿತರೆ ನೀರೇ ದೋಣಿಯನ್ನು ಹೊರದಂಡೆಯ ವಿಲ್ಲೋ ಪೊದೆಗೆ ಒಯ್ಯುತ್ತದೆ. ಜೋರಾಗಿ ಹಾಕಿದರೋ, ತಿರುಗುವ ಮೊದಲೇ ನುಗ್ಗಿ ಅದೇ ಪೊದೆಗೆ!

ಅಟ್ಠಕಥೆ ಈ ನಿಲ್ಲುವುದು, ಹೆಣಗುವುದನ್ನು ಹಲವು ಜೋಡಿಗಳಾಗಿ ಬಿಡಿಸುತ್ತದೆ. ಅವುಗಳಲ್ಲಿ ನಮಗೆ ಬೇಕಾದದ್ದು ಜಡತೆ ಮತ್ತು ಚಂಚಲತೆ. ಮಧ್ಯಮ ಮಾರ್ಗವೆಂದರೆ ಅರ್ಧ ಶಕ್ತಿ ಎಂದು ನಾವು ತಿಳಿಯುವುದುಂಟು (ಸೋಣನ ವೀಣೆಯ ಉಪಮೆಯನ್ನೂ ಹಾಗೇ ಓದಿಬಿಡುತ್ತೇವೆ). ಬಲ್ಲವರು ಅರ್ಧ ಶಕ್ತಿಯಲ್ಲಿ ಎಡೆಬಿಡದೆ ಹುಟ್ಟು ಹಾಕುವುದಿಲ್ಲ. ತಿರುವು ಕಂಡಾಗಲೇ ಮೂತಿಯನ್ನು ಒಳಬದಿಗೆ ತಿರುಗಿಸಿ ಎರಡು ಮೂರು ಸಣ್ಣ ಎಳೆತ. ನೇರ ಹರಿವಿನಲ್ಲಿ ಮತ್ತೆ ಕೈ ಹಗುರ.

ಕೇಳಿದವರಿಗೆ ಹೇಳಬೇಕಿದ್ದದ್ದು ಇದು. ತೂಕಡಿಸಿದ ಮೇಲೆ ಮನಸ್ಸಿನೊಡನೆ ಜಗಳವಾಡುವುದು ಪೊದೆಗೆ ಸಿಕ್ಕ ಮೇಲೆ ಹುಟ್ಟು ಹಾಕಿದಂತೆ. ಅದಕ್ಕೂ ಮೊದಲು ಉಸಿರು ಮಸುಕಾಗಿರುತ್ತದೆ, ಬೆನ್ನು ತುಸು ಬಾಗಿರುತ್ತದೆ. ಆಗಲೇ ಬೆನ್ನು ನೆಟ್ಟಗೆ ಮಾಡಿ, ಎರಡು ಉಸಿರನ್ನು ಸ್ಪಷ್ಟವಾಗಿ ಗಮನಿಸಿ. ಹಣೆ ಬಿಗಿಯುತ್ತಿದೆ ಎನಿಸಿದರೆ ಹುಟ್ಟು ಎತ್ತಿ. ಇಂದು 20 ನಿಮಿಷ ಹೀಗೆ ಕುಳಿತು ನೋಡಿ, ಎಷ್ಟು ತಿರುವು ಮೊದಲೇ ಕಂಡವೆಂದು ಭಾನುವಾರ ಹೇಳಿ. ಬಿಡುವ ಮಾತು ಆಮೇಲೆ ಆಡೋಣ.